ಫೋನ್ ಎಲ್ಲಿದೆ ಅಂತ ಸಾಬೀತು ಮಾಡೋಕೆ ಹದಿನಾಲ್ಕು ತಿಂಗಳು

ಕಳೆದ ವಾರ ನಮ್ಮ ಕಂಪನಿಗೆ ಒಂದು ಪುಟದ ಪತ್ರ ಬಂತು. ಮೊಬೈಲ್ ಫೋನ್ ಇರುವ ಜಾಗವನ್ನು ಪತ್ತೆ ಮಾಡುವ ನಮ್ಮ ವ್ಯವಸ್ಥೆ ಸ್ವೀಕಾರ ಪರೀಕ್ಷೆಯಲ್ಲಿ ಪಾಸಾಗಿದೆ, ತುರ್ತು ಕರೆಗಳಿಗೆ ಬಳಸಬಹುದು ಅಂತ ಅದರಲ್ಲಿತ್ತು. ಆ ಒಂದು ಪುಟಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಶುರು ಮಾಡಿದಾಗ ನಾಲ್ಕು ತಿಂಗಳ ಕೆಲಸ ಅಂದುಕೊಂಡಿದ್ದೆವು.

ಪರೀಕ್ಷೆಯ ಪೂರ್ತಿ ಹೊಣೆ ನನ್ನದಾಗಿತ್ತು. ಮೊದಲ ದಿನ ಹುಡುಕಿದಾಗ ನನಗೆ ಸ್ಟ್ಯಾಂಡರ್ಡ್ ದಾಖಲೆಗಳು ರಾಶಿ ರಾಶಿ ಸಿಕ್ಕವು. ಆದರೆ ಯಾವ ಕಾಗದ ಮೊದಲು ಬೇಕು, ಎಲ್ಲಿ ಕಾಯಬೇಕಾಗುತ್ತೆ, ದುಡ್ಡು ಎಲ್ಲಿ ಸೋರುತ್ತೆ ಅಂತ ಹೇಳುವವರು ಯಾರೂ ಸಿಗಲಿಲ್ಲ. ಈಗ ಎಲ್ಲ ನೆನಪಿನಲ್ಲಿದೆ. ಇನ್ನೊಂದು ಕಂಪನಿಯಲ್ಲಿ ಇದೇ ಕೆಲಸಕ್ಕೆ ಕೂತವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾವು ಹನ್ನೊಂದು ಜನ. ಫೋನ್ ಮಾಡುವವರಲ್ಲ, ಚಿಪ್ ಮಾಡುವವರೂ ಅಲ್ಲ. ಫೋನಿನಲ್ಲಿ ಈಗಾಗಲೇ ಇರುವ ಜಿಪಿಎಸ್, ವೈ-ಫೈ, ಟವರ್ ಸಿಗ್ನಲ್, ಗಾಳಿಯ ಒತ್ತಡ ಅಳೆಯುವ ಸೆನ್ಸರ್, ಇವಿಷ್ಟನ್ನೂ ಸೇರಿಸಿ ಕಟ್ಟಡದ ಒಳಗೂ ಜಾಗ ಮತ್ತು ಮಹಡಿ ಹೇಳುವ ಸಾಫ್ಟ್‌ವೇರ್ ನಮ್ಮದು. ಇದರ ಹಿಂದೆ ಒಂದು ಮನೆಯ ಕಥೆ ಇದೆ. ನಮ್ಮ ಸಂಸ್ಥಾಪಕರ ಅಮ್ಮ ಒಬ್ಬರೇ ಇದ್ದಾಗ ಜಾರಿ ಬಿದ್ದು ತುರ್ತು ಕರೆ ಮಾಡಿದ್ದರು. ಪೂರ್ತಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಸಹಾಯಕ್ಕೆ ಬಂದವರು ಸರಿಯಾದ ಕಟ್ಟಡಕ್ಕೇ ಬಂದರು. ಆದರೆ ಅಮ್ಮ ಇದ್ದದ್ದು ನಾಲ್ಕನೇ ಮಹಡಿಯಲ್ಲಿ, ಅವರು ಬಾಗಿಲು ತಟ್ಟುತ್ತಾ ಹೋದದ್ದು ಕೆಳಗಿನಿಂದ. ಅಮ್ಮ ಉಳಿದರು. ಆದರೂ ಆ ಹೊತ್ತು ಸಂಸ್ಥಾಪಕರ ಮನಸ್ಸಿನಿಂದ ಹೋಗಿಲ್ಲ.

ಜಿಪಿಎಸ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ನೆಲಕ್ಕೆ ಮುಟ್ಟುವಾಗ ಅದರ ಸಿಗ್ನಲ್ ಹೆಚ್ಚು ಕಡಿಮೆ ಮೈನಸ್ 130 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ), ಅಂದರೆ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಒಂದು ಕಾಂಕ್ರೀಟ್ ಚಾವಣಿ ಅಡ್ಡ ಬಂದರೆ ಅದೂ ಹೋಯಿತು. ಇನ್ನೊಂದು ವಿಷಯ, ಉಪಗ್ರಹ ಸೆಕೆಂಡಿಗೆ 50 ಬಿಟ್ ವೇಗದಲ್ಲಷ್ಟೇ ಮಾತಾಡುತ್ತದೆ. ಅದು ತನ್ನ ಕಕ್ಷೆಯ ವಿವರ ಹೇಳಿ ಮುಗಿಸೋಕೆ 30 ಸೆಕೆಂಡ್ ಬೇಕು. ಆ ವಿವರವನ್ನು ಮೊಬೈಲ್ ನೆಟ್‌ವರ್ಕ್ ಮೂಲಕವೇ ಫೋನಿಗೆ ಕೊಟ್ಟುಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಜಾಗ ಸಿಗುತ್ತೆ. ಇದನ್ನು ಅಸಿಸ್ಟೆಡ್ ಜಿಪಿಎಸ್ ಅನ್ನುತ್ತಾರೆ. ಈ ಕೆಲಸ ಮಾಡುತ್ತಿದ್ದ ಸ್ನ್ಯಾಪ್‌ಟ್ರ್ಯಾಕ್ ಅನ್ನುವ ಸಣ್ಣ ಕಂಪನಿಯನ್ನು 2000ದಲ್ಲಿ ಕ್ವಾಲ್‌ಕಾಮ್ ಸುಮಾರು ನೂರು ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡುಕೊಂಡಿತು. ಸಣ್ಣವರೂ ಇಲ್ಲಿ ದೊಡ್ಡ ಕೆಲಸ ಮಾಡಬಹುದು ಅಂತ ನಮಗೆ ಧೈರ್ಯ ಬಂದದ್ದು ಇಂಥದ್ದನ್ನು ಓದಿಯೇ.

ಮೊದಲ ಎರಡೂವರೆ ತಿಂಗಳು ಬರೀ ಸಹಿಗಳಲ್ಲಿ ಹೋಯಿತು. ಮೊಬೈಲ್ ಆಪರೇಟರ್ ಜೊತೆ ಗೌಪ್ಯತೆ ಒಪ್ಪಂದ, ಪರೀಕ್ಷಾ ಲ್ಯಾಬ್ ಜೊತೆ ಇನ್ನೊಂದು, ಮೂವರೂ ಸೇರಿ ಮತ್ತೊಂದು. ನಾವು ಮಾಡಿದ ತಪ್ಪು ಅಂದರೆ ಒಂದು ಮುಗಿದ ಮೇಲೆ ಇನ್ನೊಂದು ಕಳಿಸಿದ್ದು. ನೀವು ಮೂರನ್ನೂ ಒಂದೇ ದಿನ ಕಳಿಸಿ. ಯಾವುದು ಯಾರ ಮೇಜಿನ ಮೇಲೆ ಕೂತಿದೆ ಅಂತ ವಾರಕ್ಕೊಮ್ಮೆ ಫೋನ್ ಮಾಡಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಆಮೇಲೆ ಬಂದದ್ದು ಪರೀಕ್ಷಾ ಯೋಜನೆ. ಎಷ್ಟು ನಿಖರವಾಗಿದ್ದರೆ ಪಾಸ್ ಅನ್ನುವುದು ಇದರಲ್ಲಿ ಇರುತ್ತೆ. ನಮ್ಮ ಒಪ್ಪಂದದಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1999ರಲ್ಲಿ ಫೋನ್ ಆಧಾರಿತ ವ್ಯವಸ್ಥೆಗಳಿಗೆ ಹಾಕಿದ ಅಳತೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು. ಶೇ 67ರಷ್ಟು ಕರೆಗಳು 50 ಮೀಟರ್ ಒಳಗೆ, ಶೇ 95ರಷ್ಟು ಕರೆಗಳು 150 ಮೀಟರ್ ಒಳಗೆ ಬರಬೇಕು. ಎತ್ತರಕ್ಕೆ 2019ರಲ್ಲಿ ಬಂದ ಅಳತೆ, ಶೇ 80ರಷ್ಟು ಕರೆಗಳಲ್ಲಿ ಮೂರು ಮೀಟರ್ ಒಳಗೆ. ಮೂರು ಮೀಟರ್ ಅಂದರೆ ಹೆಚ್ಚು ಕಡಿಮೆ ಒಂದು ಮಹಡಿ.

ಇಲ್ಲಿ ಒಂದು ಸಾಲನ್ನು ನಾನು ಗಮನಿಸದೆ ದಾಟಿಬಿಟ್ಟಿದ್ದೆ. ಜಾಗವೇ ಸಿಗದ ಕರೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಅನ್ನುವ ಸಾಲು. ನೂರು ಕರೆಯಲ್ಲಿ ಎಂಟಕ್ಕೆ ಉತ್ತರವೇ ಬರಲಿಲ್ಲ ಅಂದುಕೊಳ್ಳಿ. ಉಳಿದ 92ರಲ್ಲೇ ಶೇ 95 ಹುಡುಕಿದರೆ ಸಲೀಸಾಗಿ ಪಾಸ್. ನೂರರಲ್ಲೂ ಹುಡುಕಿದರೆ ಪಾಸಾಗುವ ಮಾತೇ ಇಲ್ಲ. ನಮ್ಮ ಒಪ್ಪಂದದಲ್ಲಿ ನೂರೂ ಲೆಕ್ಕಕ್ಕಿತ್ತು. ನನ್ನ ಮನಸ್ಸಿಗೆ ಅದೇ ನ್ಯಾಯ ಅನ್ನಿಸುತ್ತೆ, ಉತ್ತರ ಬಾರದ ಕರೆಯ ಆಚೆಗೂ ಒಬ್ಬ ಮನುಷ್ಯ ಇರುತ್ತಾನಲ್ವಾ. ಆದರೆ ಇದು ಮೊದಲೇ ಗೊತ್ತಿದ್ದರೆ ನಾವು ನಿಖರತೆಗಿಂತ ಮೊದಲು ಉತ್ತರ ತಪ್ಪದ ಹಾಗೆ ನೋಡಿಕೊಳ್ಳುತ್ತಿದ್ದೆವು. ಐದು ವಾರದ ಕೆಲಸ ತಿರುಗಿ ಮಾಡಬೇಕಾಯಿತು.

ಲ್ಯಾಬಿನಲ್ಲಿ ದಿನ ಸಿಗೋಕೆ ಏಳು ವಾರ ಕಾದೆವು. ಕಾಯುವಾಗ ಸುಮ್ನೆ ಕೂರುವ ಹಾಗಿರಲಿಲ್ಲ. ಒಂದು ಘೋಷಣಾ ಪತ್ರ ತುಂಬಬೇಕು, ನೂರಾರು ಸಾಲಿನ ಟೇಬಲ್. ಮೊಬೈಲ್ ನೆಟ್‌ವರ್ಕ್‌ಗಳಿಗೆ ನಿಯಮ ಬರೆಯುವ 3ಜಿಪಿಪಿ ಅನ್ನುವ ಒಕ್ಕೂಟದ ಸ್ಟ್ಯಾಂಡರ್ಡಿನ ಯಾವ ಯಾವ ಸೌಲಭ್ಯ ನಿಮ್ಮಲ್ಲಿದೆ, ಯಾವುದಿಲ್ಲ ಅಂತ ಒಂದೊಂದಕ್ಕೂ ಹೌದು, ಅಲ್ಲ ಬರೆಯಬೇಕು. ಎಲ್ಲದಕ್ಕೂ ಹೌದು ಹಾಕುವ ಆಸೆ ಬರುತ್ತೆ. ದಯವಿಟ್ಟು ಬೇಡ. ಹೌದು ಹಾಕಿದ ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತಾರೆ, ಪ್ರತಿ ಪರೀಕ್ಷೆಗೂ ಗಂಟೆ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ. ನಾವು ಯಾವತ್ತೂ ಬಳಸದ ಎರಡು ಸೌಲಭ್ಯಕ್ಕೆ ಹೌದು ಹಾಕಿ, ಒಂದೂವರೆ ದಿನದ ಬಾಡಿಗೆ ಕಳೆದುಕೊಂಡೆವು.

ಲ್ಯಾಬಿಗೆ ಹೋಗುವ ಮೊದಲೇ ನಮ್ಮ ಆಫೀಸಿನಲ್ಲಿ ಒಮ್ಮೆ ಅಭ್ಯಾಸ ಮಾಡೋಣ ಅಂತ ಚಾವಣಿಯ ಮೇಲೆ ಆಂಟೆನಾ ಇಟ್ಟು, ಜಿಪಿಎಸ್ ಸಿಗ್ನಲ್ಲನ್ನು ಒಳಗೆ ಮತ್ತೆ ಪ್ರಸಾರ ಮಾಡುವ ರಿಪೀಟರ್ ಹಾಕೋಣ ಅಂದುಕೊಂಡೆವು. ಲ್ಯಾಬಿನ ಹಿರಿಯ ಇಂಜಿನಿಯರ್ ಫೋನಿನಲ್ಲೇ ತಡೆದರು. "ಮೇಡಂ, ಅದನ್ನು ಹಾಕಬೇಡಿ. ಲೈಸೆನ್ಸ್ ಇಲ್ಲದೆ ಆ ತರಂಗಾಂತರದಲ್ಲಿ ಏನನ್ನೂ ಬಿಡೋ ಹಾಗಿಲ್ಲ. ಪಕ್ಕದ ಕಟ್ಟಡದ ಫೋನಿಗೂ ತಪ್ಪು ಜಾಗ ತೋರಿಸುತ್ತೆ." ಬಹಳಷ್ಟು ದೇಶಗಳಲ್ಲಿ ಇದಕ್ಕೆ ಅನುಮತಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧ. ನಾವು ಕೇಬಲ್ ಮೂಲಕ ನೇರವಾಗಿ ಫೋನಿಗೆ ಸಿಗ್ನಲ್ ಕೊಟ್ಟು, ಸಿಗ್ನಲ್ ಹೊರಗೆ ಹೋಗದ ಲೋಹದ ಪೆಟ್ಟಿಗೆಯಲ್ಲಿ ಇಟ್ಟು ಕೆಲಸ ಮುಗಿಸಿದೆವು. ಅವರು ಆವತ್ತು ಹೇಳದೇ ಇದ್ದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಅನ್ನಿಸುತ್ತೆ.

ಲ್ಯಾಬಿನ ಮೊದಲ ಮೂರು ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಅಲ್ಲಿ ನಿಜವಾದ ಆಕಾಶ ಇರಲ್ಲ. ಸಿಮ್ಯುಲೇಟರ್ ಅನ್ನುವ ಯಂತ್ರ ಯಾವುದೋ ಒಂದು ದಿನದ ಆಕಾಶವನ್ನು ಸೃಷ್ಟಿ ಮಾಡಿ ಕೊಡುತ್ತದೆ. ಇಂತಿಷ್ಟು ಉಪಗ್ರಹ, ಇಂಥ ಜಾಗದಲ್ಲಿ, ಇಷ್ಟು ಸಿಗ್ನಲ್. ಪಕ್ಕದಲ್ಲಿ ಇನ್ನೊಂದು ಯಂತ್ರ ಟವರ್ ಇದ್ದ ಹಾಗೆ ನಟಿಸುತ್ತದೆ. ನಮ್ಮ ಫೋನ್ ಇಟ್ಟೆವು, ಪರೀಕ್ಷೆ ಶುರುವಾಯಿತು. ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬರಬೇಕು. ಬರಲಿಲ್ಲ. ಫೋನ್ ಬದಲಾಯಿಸಿದೆವು, ಬರಲಿಲ್ಲ. ಕೇಬಲ್ ಬದಲಾಯಿಸಿದೆವು. ಆಫೀಸಿನಲ್ಲಿ ಸಾವಿರ ಸಲ ನಡೆದ ಕೋಡ್, ಇಲ್ಲಿ ಒಂದು ಸಲವೂ ನಡೆಯುತ್ತಿಲ್ಲ. ಗಂಟೆ ಲೆಕ್ಕದ ಬಾಡಿಗೆ ಓಡುತ್ತಿತ್ತು. ಎರಡನೇ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ನಮ್ಮ ಟೀಮಿನ ಎಲ್ಲರಿಗಿಂತ ಚಿಕ್ಕ ಹುಡುಗಿ ಫೋನನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಸ್ಕ್ರೀನ್ ನೋಡುತ್ತಾ ನಿಂತಳು. "ಅಕ್ಕಾ, ಇದರಲ್ಲಿ ತಾರೀಕು ನೋಡಿ." ಫೋನಿನ ಗಡಿಯಾರ ಎರಡು ವರ್ಷ ಹಿಂದಿನ ತಾರೀಕು ತೋರಿಸುತ್ತಿತ್ತು. ಸಿಮ್ಯುಲೇಟರ್ ಕೊಡುತ್ತಿದ್ದ ಆಕಾಶ ಎರಡು ವರ್ಷ ಹಳೆಯದು. ಟವರ್ ನಟಿಸುವ ಯಂತ್ರವೂ ಅದಕ್ಕೆ ಹೊಂದುವ ಹಾಗೆ ಅದೇ ತಾರೀಕನ್ನು ಫೋನಿಗೆ ಹೇಳುತ್ತಿತ್ತು. ಫೋನಿಗೆ ಉಪಗ್ರಹದ ಕಕ್ಷೆಯ ವಿವರ ಕೊಡುವ ನಮ್ಮ ಸರ್ವರ್ ಅಸಲಿ ಅಂತ ತೋರಿಸುವ ಭದ್ರತಾ ಸರ್ಟಿಫಿಕೇಟ್ ಹೋದ ವರ್ಷ ಮಾಡಿಸಿದ್ದು. ಫೋನಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ! ಅದಕ್ಕೇ ಸರ್ವರ್ ಜೊತೆ ಮಾತಾಡೋಕೆ ಫೋನ್ ಒಪ್ಪುತ್ತಿರಲಿಲ್ಲ. ಪರೀಕ್ಷೆಗೆ ಅಂತಲೇ ಬೇರೆ ಸರ್ಟಿಫಿಕೇಟ್ ಮಾಡಿ ಹಾಕಿದೆವು. ಮೊದಲ ಉತ್ತರ ಆರು ಸೆಕೆಂಡಿನಲ್ಲಿ ಬಂತು. ನಾವಿಬ್ಬರೂ ಅಲ್ಲೇ ಕೈ ಹಿಡಿದುಕೊಂಡು ಕಣ್ಣೀರು ಹಾಕಿದೆವು.

ನಿಮಗೆ ಹೇಳುವುದಿಷ್ಟು: ಲ್ಯಾಬಿಗೆ ಹೋಗುವ ಮೊದಲೇ ಸಿಮ್ಯುಲೇಟರ್ ಯಾವ ತಾರೀಕಿನ ಆಕಾಶ ಕೊಡುತ್ತದೆ ಅಂತ ಕೇಳಿ. ಆಫೀಸಿನಲ್ಲೇ ಫೋನಿನ ಗಡಿಯಾರವನ್ನು ಆ ತಾರೀಕಿಗೆ ತಿರುಗಿಸಿ ನೋಡಿ. ಒಂದು ಪರೀಕ್ಷೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಫೋನ್ ನೆನಪಿಟ್ಟುಕೊಂಡ ಉಪಗ್ರಹದ ಮಾಹಿತಿಯನ್ನೆಲ್ಲ ಅಳಿಸಿ. ಇಲ್ಲದಿದ್ದರೆ ಅದು ನಿನ್ನೆಯ ಆಕಾಶದಲ್ಲಿ ಇವತ್ತಿನ ಉಪಗ್ರಹ ಹುಡುಕುತ್ತಾ ಕೂರುತ್ತೆ.

ಲ್ಯಾಬ್ ಮುಗಿದ ಮೇಲೆ ಕಷ್ಟ ಕಳೆಯಿತು ಅಂದುಕೊಂಡೆ. ನಿಜವಾದ ಕಷ್ಟ ಹೊರಗಿನ ಪರೀಕ್ಷೆಯಲ್ಲಿತ್ತು. ಎತ್ತರದ ಕಟ್ಟಡಗಳ ನಡುವೆ, ಸಾಧಾರಣ ನಗರದಲ್ಲಿ, ಹೊರವಲಯದಲ್ಲಿ, ಹಳ್ಳಿಗಾಡಿನಲ್ಲಿ, ನಾಲ್ಕೂ ಕಡೆ ಕಟ್ಟಡಗಳನ್ನು ಆರಿಸಿ, ಒಳಗೆ ಗುರುತು ಹಾಕಿದ ಬಿಂದುಗಳಲ್ಲಿ ನಿಂತು ಕರೆ ಮಾಡಬೇಕು. ಫೋನ್ ಹೇಳಿದ ಜಾಗಕ್ಕೂ ನಿಜವಾದ ಜಾಗಕ್ಕೂ ಇರುವ ವ್ಯತ್ಯಾಸವೇ ಫಲಿತಾಂಶ. ಹಾಗಾದರೆ ನಿಜವಾದ ಜಾಗ ಯಾವುದು ಅಂತ ಯಾರು ಹೇಳಬೇಕು? ಈ ಪ್ರಶ್ನೆಗೆ ನಾವು ಬಜೆಟ್ಟಿನಲ್ಲಿ ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ.

ಅದಕ್ಕೆ ಸರ್ವೇ ಮಾಡುವವರು ಬೇಕು. ಒಳಗೆ ಜಿಪಿಎಸ್ ಬರಲ್ಲವಾದ್ದರಿಂದ, ಹೊರಗೆ ಸೆಂಟಿಮೀಟರ್ ಲೆಕ್ಕದಲ್ಲಿ ಒಂದು ಬಿಂದು ಹಿಡಿದು, ಅಲ್ಲಿಂದ ಟೋಟಲ್ ಸ್ಟೇಷನ್ ಅನ್ನುವ, ದೂರ ಮತ್ತು ಕೋನ ಅಳೆಯುವ ಯಂತ್ರ ಇಟ್ಟು ಬಾಗಿಲು, ಕಾರಿಡಾರ್, ಮೆಟ್ಟಿಲು ದಾಟಿಕೊಂಡು ಅಳತೆ ತರುತ್ತಾರೆ. ಒಂದು ಕಟ್ಟಡಕ್ಕೆ ಎರಡು ದಿನ. ಒಟ್ಟು ಖರ್ಚಿನಲ್ಲಿ ಐದನೇ ಒಂದು ಭಾಗ ಇದಕ್ಕೇ ಹೋಯಿತು.

ಮೊದಲ ಕಟ್ಟಡದ ಫಲಿತಾಂಶ ನೋಡಿ ಎದೆ ಧಸಕ್ ಅಂತು. ಅಡ್ಡಕ್ಕೆ ಚೆನ್ನಾಗಿದೆ. ಎತ್ತರದಲ್ಲಿ ಮಾತ್ರ ಹತ್ತಾರು ಮೀಟರ್ ತಪ್ಪು. ನಮ್ಮ ಇಡೀ ಕೆಲಸವೇ ಮಹಡಿ ಹೇಳುವುದು, ಅದರಲ್ಲೇ ಹೀಗಾದರೆ! ಎರಡು ದಿನ ಒತ್ತಡದ ಸೆನ್ಸರ್ ಮೇಲೆ ಅನುಮಾನ ಪಟ್ಟೆವು. ಆಮೇಲೆ ಎಲ್ಲಾ ಬಿಂದುಗಳ ತಪ್ಪನ್ನು ಒಂದರ ಕೆಳಗೊಂದು ಬರೆದೆ. ನೆಲಮಹಡಿಯಲ್ಲೂ ಅಷ್ಟೇ, ಆರನೇ ಮಹಡಿಯಲ್ಲೂ ಅಷ್ಟೇ. ಸೆನ್ಸರ್ ತಪ್ಪಿದ್ದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರಬೇಕಿತ್ತು. ಎಲ್ಲಾ ಕಡೆ ಒಂದೇ ಅಂತರ ಅಂದರೆ ಅಳೆಯೋಕೆ ಶುರು ಮಾಡಿದ ನೆಲವೇ ಬೇರೆ.

ಹಾಗೇ ಆಗಿತ್ತು. ಸರ್ವೇಯವರು ಕೊಟ್ಟದ್ದು ಸಮುದ್ರ ಮಟ್ಟದಿಂದ ಎತ್ತರ. ಫೋನ್ ಕೊಡುವುದು ಡಬ್ಲ್ಯುಜಿಎಸ್-84 ಅನ್ನುವ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಗೋಳದಂಥ ಗಣಿತದ ಭೂಮಿಯಿಂದ ಎತ್ತರ. ಇವೆರಡಕ್ಕೂ ಇರುವ ಅಂತರ ಭೂಮಿಯ ಒಂದೊಂದು ಕಡೆ ಒಂದೊಂದು ರೀತಿ. ಕೆಲವು ಕಡೆ 80 ಮೀಟರಿಗಿಂತ ಜಾಸ್ತಿ ಮೇಲೆ, ಕೆಲವು ಕಡೆ 100 ಮೀಟರಿಗಿಂತ ಜಾಸ್ತಿ ಕೆಳಗೆ. ಆ ಒಂದು ಸಂಖ್ಯೆಯನ್ನು ಕಳೆದ ಕೂಡಲೇ ಮಹಡಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಸರ್ವೇಗೆ ಕೊಡುವ ವರ್ಕ್ ಆರ್ಡರಿನಲ್ಲೇ ಎತ್ತರ ಯಾವುದರಿಂದ ಬೇಕು ಅಂತ ಬರೆದುಬಿಡಿ. ಬಾಯಿಮಾತಿನಲ್ಲಿ ಬಿಡಬೇಡಿ.

ಒತ್ತಡದ ಸೆನ್ಸರಿನ ಕಾಟ ಬೇರೆ ರೀತಿಯದು. ಸಮುದ್ರ ಮಟ್ಟದ ಹತ್ತಿರ ಗಾಳಿಯ ಒತ್ತಡದಲ್ಲಿ ಒಂದು ಹೆಕ್ಟೋಪಾಸ್ಕಲ್ ವ್ಯತ್ಯಾಸ ಅಂದರೆ ಎತ್ತರದಲ್ಲಿ ಎಂಟು ಮೀಟರಿಗಿಂತ ಸ್ವಲ್ಪ ಜಾಸ್ತಿ. ಫೋನಿನ ಸೆನ್ಸರ್ ಅಷ್ಟು ತಪ್ಪು ಓದಿದರೆ ಎರಡೂವರೆ ಮಹಡಿ ಹೋಯಿತು. ಮೋಡ ಕವಿದು ಮಳೆ ಬರುವ ದಿನ ಒತ್ತಡ ತಾನಾಗೇ ಅದಕ್ಕಿಂತ ಜಾಸ್ತಿ ಇಳಿಯುತ್ತೆ. ಆದ್ದರಿಂದ ಹತ್ತಿರದಲ್ಲೇ, ಎತ್ತರ ಸರಿಯಾಗಿ ಗೊತ್ತಿರುವ ಜಾಗದಲ್ಲಿ ಒಂದು ಮಾಪಕ ಇಟ್ಟು ಹೋಲಿಸುತ್ತಲೇ ಇರಬೇಕು. ಪರೀಕ್ಷೆಗೆ ಹೊರಡುವ ಮೊದಲು ಎಲ್ಲಾ ಫೋನುಗಳನ್ನೂ ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟು ಒತ್ತಡ ಓದಿಸಿ. ಒಂದೇ ಮೇಜು, ಒಂದೇ ಗಾಳಿ, ಆದರೂ ಒಂದೊಂದು ಒಂದೊಂದು ಹೇಳುತ್ತೆ. ಆ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ಕಟ್ಟಡದ ಅನುಮತಿ ಪತ್ರಗಳ ಬಗ್ಗೆ ಜಾಸ್ತಿ ಹೇಳಲ್ಲ. ಮಾಲೀಕರ ಸಹಿ ಇದ್ದರೂ ಬಾಗಿಲಲ್ಲಿ ನಿಂತ ಕಾವಲುಗಾರರಿಗೆ ಅದು ಗೊತ್ತಿರಲ್ಲ. ಆರು ಫೋನ್ ಹಿಡಿದುಕೊಂಡು ಮೂಲೆ ಮೂಲೆಯಲ್ಲಿ ಹತ್ತು ನಿಮಿಷ ನಿಲ್ಲುವವರನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತೆ. ಹಿಂದಿನ ದಿನವೇ ಹೋಗಿ ಅವರ ಹತ್ತಿರ ಮಾತಾಡಿ ಬಂದರೆ ಅರ್ಧ ದಿನ ಉಳಿಯುತ್ತೆ. ಫೋನ್ ಹಿಡಿದು ನಡೆದ ನಮ್ಮ ಸ್ವಯಂಸೇವಕರಿಂದ ಒಪ್ಪಿಗೆ ಪತ್ರವನ್ನೂ ತೆಗೆದುಕೊಂಡೆವು. ಅವರು ಎಲ್ಲೆಲ್ಲಿ ಹೋದರು ಅನ್ನುವ ದಾಖಲೆ ನಮ್ಮ ಹತ್ತಿರ ಉಳಿಯುತ್ತದೆ, ಅದನ್ನು ಯಾವಾಗ ಅಳಿಸುತ್ತೇವೆ ಅಂತ ಬರೆದು ಕೊಡುವುದು ನಮ್ಮ ಕರ್ತವ್ಯ.

ಮೊದಲ ಸುತ್ತಿನಲ್ಲಿ ನಾವು ಫೇಲ್ ಆದೆವು. ಮೂರು ಪ್ರದೇಶ ಪಾಸ್, ಎತ್ತರದ ಕಟ್ಟಡಗಳ ಪ್ರದೇಶ ಮಾತ್ರ ಇಲ್ಲ. ಒಂದೇ ಕಟ್ಟಡದ ಎರಡು ಮಹಡಿಯಲ್ಲಿ ಫೋನುಗಳು ಸುಮಾರು ಅರವತ್ತು ಮೀಟರ್ ಆಚೆ ಇನ್ನೊಂದು ಕಟ್ಟಡ ತೋರಿಸಿದ್ದವು. ವರದಿ ಬಂದ ದಿನ ಆಫೀಸಿನಲ್ಲಿ ಯಾರೂ ಮಾತಾಡಲಿಲ್ಲ. ಮರುಪರೀಕ್ಷೆಗೆ ದುಡ್ಡು ಸಾಲದು ಅಂತ ಎಲ್ಲರಿಗೂ ಗೊತ್ತಿತ್ತು.

ಕಾರಣ ಗೊತ್ತಾಗೋಕೆ ಒಂಬತ್ತು ದಿನ ಬೇಕಾಯಿತು. ಅಲ್ಲಿದ್ದ ಒಂದು ಆಫೀಸು ಎರಡು ತಿಂಗಳ ಹಿಂದೆ ಪಕ್ಕದ ಕಟ್ಟಡದಿಂದ ಇಲ್ಲಿಗೆ ಬಂದಿತ್ತು. ಬರುವಾಗ ತಮ್ಮ ವೈ-ಫೈ ಪೆಟ್ಟಿಗೆಗಳನ್ನೂ ತಂದಿದ್ದರು. ಯಾವ ವೈ-ಫೈ ಪೆಟ್ಟಿಗೆ ಎಲ್ಲಿದೆ ಅಂತ ಬರೆದಿಟ್ಟ ನಮ್ಮ ಡೇಟಾಬೇಸಿನಲ್ಲಿ ಅವು ಇನ್ನೂ ಹಳೆಯ ವಿಳಾಸದಲ್ಲೇ ಇದ್ದವು. ಹದಿನಾಲ್ಕು ಪೆಟ್ಟಿಗೆ ಒಟ್ಟಿಗೆ ಒಂದೇ ಸುಳ್ಳು ಹೇಳಿದರೆ ಫೋನ್ ನಂಬದೆ ಏನು ಮಾಡುತ್ತೆ? ಟವರ್ ಸಿಗ್ನಲ್ ಒಂದು ಹೇಳಿ, ವೈ-ಫೈ ಇನ್ನೊಂದು ಹೇಳಿದಾಗ ಗುಂಪಾಗಿ ಜಾಗ ಬದಲಿಸಿದ ಪೆಟ್ಟಿಗೆಗಳನ್ನು ಗುರುತಿಸಿ ದೂರ ಇಡುವ ಹಾಗೆ ಲೆಕ್ಕ ಬದಲಾಯಿಸಿದೆವು. ನನಗೆ ಕೇಳಿದರೆ ಈ ಸೋಲು ಒಳ್ಳೆಯದೇ ಆಯಿತು. ಇದು ಪರೀಕ್ಷೆಯಲ್ಲಿ ಸಿಗದೆ ನಿಜವಾದ ಕರೆಯಲ್ಲಿ ಸಿಕ್ಕಿದ್ದರೆ ಅಂತ ಯೋಚಿಸೋಕೂ ಮನಸ್ಸು ಬರಲ್ಲ.

ಸಂಸ್ಥಾಪಕರು ಮೂರು ತಿಂಗಳು ಸಂಬಳ ತೆಗೆದುಕೊಳ್ಳಲಿಲ್ಲ. ಮರುಪರೀಕ್ಷೆಗೆ ದುಡ್ಡು ಹೊಂದಿದ್ದು ಹಾಗೆ. ಫೇಲ್ ಆದ ಪ್ರದೇಶವನ್ನು ಮಾತ್ರ ಮತ್ತೆ ಮಾಡಿದರೆ ಸಾಕೋ, ನಾಲ್ಕನ್ನೂ ಮಾಡಬೇಕೋ ಅನ್ನುವುದು ಪರೀಕ್ಷಾ ಯೋಜನೆಯಲ್ಲಿ ಬರೆದಿರಲಿಲ್ಲ. ಅದಕ್ಕೇ ಪತ್ರ ವ್ಯವಹಾರದಲ್ಲಿ ಮೂರು ವಾರ ಹೋಯಿತು. ಕೊನೆಗೆ ಸಾಫ್ಟ್‌ವೇರ್ ಬದಲಾಗಿದೆ ಅನ್ನುವ ಕಾರಣಕ್ಕೆ ಎರಡು ಪ್ರದೇಶ ಮಾಡಿಸಿದರು. ನೀವು ಸಹಿ ಹಾಕುವ ಮೊದಲೇ ಈ ಸಾಲನ್ನು ಸೇರಿಸಿ. ಕೈಯಲ್ಲಿ ಒಂದೂವರೆ ಪರೀಕ್ಷೆಯ ದುಡ್ಡು ಇಲ್ಲದೆ ಶುರು ಮಾಡಬೇಡಿ.

ಎರಡನೇ ಸಲ ನಾನೇ ಒಂದು ಫೋನ್ ಹಿಡಿದು ಮೆಟ್ಟಿಲು ಹತ್ತಿದೆ. ಪ್ರತಿ ಬಿಂದುವಿನಲ್ಲಿ ನೆಲಕ್ಕೆ ಅಂಟಿಸಿದ ಸಣ್ಣ ಹಳದಿ ಗುರುತು, ಅದರ ಮೇಲೆ ಪೆನ್ನಿನಲ್ಲಿ ಬರೆದ ಸಂಖ್ಯೆ. ಅದರ ಮೇಲೆ ನಿಂತು, ಫೋನನ್ನು ಕಿವಿಗೆ ಹಿಡಿದು, ಕರೆ ಒತ್ತಿ, ಮೂವತ್ತು ಸೆಕೆಂಡ್ ಕಾಯಬೇಕು. ಕೈಯಲ್ಲಿ ಗಟ್ಟಿಯಾಗಿ ಹಿಡಿದರೆ ಸಿಗ್ನಲ್ ಇನ್ನೂ ಸೊರಗುತ್ತೆ, ಆದರೆ ಗಾಬರಿಯಲ್ಲಿ ಇರುವವರು ಗಟ್ಟಿಯಾಗಿಯೇ ಹಿಡಿಯುತ್ತಾರಲ್ವಾ. ನಾನೂ ಹಾಗೇ ಹಿಡಿದೆ.

ಪತ್ರ ಬಂದ ದಿನ ಅದರ ಜೊತೆ ಫಲಿತಾಂಶದ ಪಟ್ಟಿಯೂ ಇತ್ತು, ಬಿಂದುವಾರು, ಮಹಡಿವಾರು. ಪತ್ರವನ್ನು ಎಲ್ಲರೂ ಓದಿದರು. ಸಂಸ್ಥಾಪಕರು ಪಟ್ಟಿಯನ್ನು ತೆಗೆದುಕೊಂಡು ಕಿಟಕಿ ಹತ್ತಿರ ಹೋದರು. ನಾಲ್ಕನೇ ಮಹಡಿಯ ಸಾಲುಗಳನ್ನು ಮಾತ್ರ, ಬೆರಳಿಟ್ಟು, ಒಂದೊಂದಾಗಿ ಓದಿದರು.